ಸಂಶೋಧನ ಮಾರ್ಗದರ್ಶನ

ಸಂಶೋಧನ ಮಾರ್ಗದರ್ಶನ: ಡಾಕ್ಟರೇಟ್ ಪದವಿಗಾಗಿ ಮಹಾಪ್ರಬಂಧ ರಚಿಸುವವರಿಗೆ ವಿಷಯದ ಆಯ್ಕೆಯಿಂದ ಮೌಖಿಕ ಪರೀಕ್ಷೆಯವರೆಗೆ ವಿಶ್ವವಿದ್ಯಾನಿಲಯದ ನಿಯುಕ್ತ ಅಧ್ಯಾಪಕರು ನೀಡುವ ವಿದ್ವತ್ಸಹಾಯ ಹಾಗೂ ಮೇಲ್ವಿಚಾರಣೆ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ, ವಿಶೇಷತಃ 1810ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾನಿಲಯದ ಆದರ್ಶದಿಂದ ಪುಷ್ಟಿಗೊಂಡ ಈ ಪದ್ಧತಿಯು ಅಲ್ಲಿಂದ ಅಮೆರಿಕಕ್ಕೆ ಹಬ್ಬಿ, ಯೇಲ್ ವಿಶ್ವವಿದ್ಯಾನಿಲಯವು 1861ರಲ್ಲಿ ಪಿಎಚ್.ಡಿ. ಪದವಿಯನ್ನು ಪ್ರದಾನಮಾಡಿತು; ಆಕ್ಸ್‌ಫರ್ಡ್ ಅದಕ್ಕೆ ಸಮಾನವಾದ ಪದವಿಯನ್ನು ಅಂಗೀಕರಿಸಿದ್ದು 1917ರಲ್ಲಿ.

ಭಾರತದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು, ಮಾರ್ಗದರ್ಶಕರ ಗಮನವು ಹಂಚಿಹೋಗದಂತೆ, ಏಕಕಾಲದಲ್ಲಿ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಮಂದಿ ಸಂಶೋಧಕರೆಂಬ ಮಿತಿಯನ್ನು ವಿಧಿಸಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿಯುಳ್ಳವರು ಹೊಸಬರನ್ನು ಸ್ವೀಕರಿಸುವಂತಿಲ್ಲ. ಪ್ರತಿ ಸೆಮಿಸ್ಟರಿನಲ್ಲಿಯೂ ಸಂಶೋಧಕರು ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ನಿವೇದಿಸತಕ್ಕದ್ದು. ಇದರಿಂದ ಏಕವ್ಯಕ್ತಿಯ ಇಚ್ಛೆಗೆ ಒಳಪಟ್ಟಿದ್ದ ಸಂಬಂಧಕ್ಕೆ ಸಾಂಸ್ಥಿಕ ಸಾಕ್ಷಿಯೊಂದು ಒದಗುತ್ತದೆ.

ಆದರೂ ಮಾರ್ಗದರ್ಶನದ ತಿರುಳು ಸಂಖ್ಯೆಯಲ್ಲಿಲ್ಲ. ಕರಡು ಅಧ್ಯಾಯವನ್ನು ಓದಿ, ಅಂಚಿನಲ್ಲಿ ಆಕರದ ಸಂದೇಹವನ್ನೂ ವಾದದ ಬಿರುಕನ್ನೂ ಗುರುತಿಸಿ, ತಿಂಗಳುಗಟ್ಟಲೆ ಮೇಜಿನ ಮೇಲಿರಿಸದೆ ಹಿಂದಿರುಗಿಸುವ ಅಭ್ಯಾಸವೇ ಅದರ ಜೀವಾಳ. ಭೇಟಿಗಳ ಲಿಖಿತ ದಾಖಲೆ, ಸಹಮಾರ್ಗದರ್ಶಕರ ನೇಮಕ, ಮಾರ್ಗದರ್ಶಕರಿಗೇ ತರಬೇತಿ ಇವು ಇತರ ಸುಧಾರಣೋಪಾಯಗಳು.

ಆಯೋಗದ ಅದೇ ನಿಯಮಾವಳಿಯಂತೆ ಪದವಿಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷಗಳ ವಿನಾಯಿತಿಗೆ ಅವಕಾಶವಿದೆ.