ಇಂಗಾಲದ ನ್ಯಾನೊನಳಿಕೆ: ಶೋಧದ ಶ್ರೇಯಸ್ಸು ಮತ್ತು ರೋಹಿತದ ಸಾಕ್ಷ್ಯ

ಇಂಗಾಲದ ನ್ಯಾನೊನಳಿಕೆಗಳ ಚರಿತ್ರೆಯನ್ನು ಜಪಾನಿನ ಸುಮಿಯೊ ಇಜಿಮಾ ಅವರ 1991ರ ಪ್ರಬಂಧದಿಂದ ಆರಂಭಿಸುವುದು ರೂಢಿ. ಆದರೆ ಸುಮಾರು 50 ನ್ಯಾನೊಮೀಟರ್ ವ್ಯಾಸದ ಟೊಳ್ಳು ಇಂಗಾಲತಂತುಗಳ ಚಿತ್ರಗಳನ್ನು ರಾಡುಶ್ಕೆವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲಿಯೇ ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದ್ದರು. ಕಂಡ ಶ್ರೇಯಸ್ಸನ್ನು ಅವರಿಗೆ ನಿರಾಕರಿಸಲಾಗದು; ಗೋಡೆಯ ಪದರಗಳನ್ನೂ ಸುರುಳಿ ರಚನೆಯನ್ನೂ ಬಿಡಿಸಿ ತೋರಿದ ಕೀರ್ತಿ ಇಜಿಮಾ ಅವರದು.

ಏಕಪದರ ನಳಿಕೆ 1993ರಲ್ಲಿ ದೊರೆತ ಮೇಲೆ ಸೂಕ್ಷ್ಮದರ್ಶಕವೊಂದೇ ಸಾಲದಾಯಿತು. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಬಂದ ರಾಮನ್ ಪರಿಣಾಮ ಇಲ್ಲಿ ನೆರವಿಗೆ ಬಂದಿತು: ನಳಿಕೆಯು ಉಸಿರಾಡುವಂತೆ ಹಿಗ್ಗಿಕುಗ್ಗುವ ಕಂಪನದ ಆವೃತ್ತಿ ವ್ಯಾಸಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, 1997ರ ಅನಂತರ ರೋಹಿತವೇ ಅಳತೆಗೋಲಾಯಿತು. 2002ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಅರೆವಾಹಕ ನಳಿಕೆಗಳ ಪ್ರತಿದೀಪ್ತಿಯಿಂದ ಅವುಗಳ ಬಗೆಗಳನ್ನು ಗುರುತಿಸಿದರು. ಲೋಹೀಯ ನಳಿಕೆಗಳು ಹಾಗೆ ಬೆಳಗಲಿಲ್ಲ. ಅವುಗಳಿಗೆ ಮುಖ್ಯವಾಗಿ ರಾಮನ್ ರೋಹಿತವನ್ನೇ ಮತ್ತೆ ಆಶ್ರಯಿಸಬೇಕಾಯಿತು.