ಶಾಲೆಗೊಂದು ಸೂರು: ಊರವರು ಕೊಟ್ಟ ಕೋಣೆಗಳ ಕಥೆ

ನಾವು ವಾಸಿಸುವ ಸ್ಯಾಟಲೈಟ್ ಬಡಾವಣೆಗೆ ಆ ಹೆಸರು ಬಂದದ್ದು ಇಲ್ಲಿನ ಉಪಗ್ರಹ ಕೇಂದ್ರದಿಂದ ಎಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಬಿತ್ತರವಾದ ಟೆಲಿವಿಷನ್ ಕಾರ್ಯಕ್ರಮಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿದವು. ಅವುಗಳಲ್ಲಿ ನಮ್ಮ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ. ಪಾಠವೇನೋ ಆಕಾಶದಿಂದ ಬಂತು. ಮಕ್ಕಳು ಕೂರುವ ಜಾಗ ಮಾತ್ರ ನೆಲದ ಮೇಲೆಯೇ ಆಗಬೇಕಲ್ಲ! ಆ ಜಾಗ ಕೊಡಬೇಕಾದವರು ಯಾರು, ಸರಕಾರವೋ ಊರೋ? ಪ್ರಶ್ನೆ ಬಹಳ ಹಳೆಯದು.

ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳಿಗೆ ಸ್ವಂತ ಕಟ್ಟಡವೆಂಬುದು ಅಪರೂಪ. ಗುಡಿಯ ಪೌಳಿ, ಗೌಡರ ಮನೆಯ ಜಗುಲಿ, ಊರ ಚಾವಡಿ, ಇವೇ ಶಾಲೆ. ಅಯ್ಯನವರಿಗೆ ಕಾಳುಕಡಿಯೇ ಸಂಬಳ. ಮಕ್ಕಳು ಹೆಚ್ಚಿದರೆ ಜಗುಲಿಯಿಂದ ಅಂಗಳಕ್ಕೆ ಇಳಿಯುವುದು, ಅಷ್ಟೇ ವಿಸ್ತರಣೆ.

ಎಲ್ಲ ಮಕ್ಕಳೂ ಕಡ್ಡಾಯವಾಗಿ ಶಾಲೆಗೆ ಬರಬೇಕೆಂಬ ಪ್ರಯೋಗಕ್ಕೆ ದಾರಿ ತೋರಿಸಿದ್ದು ನಮ್ಮ ನೆರೆಯ ಬರೋಡೆ. ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿಯಲ್ಲಿ ಅದನ್ನು ಆರಂಭಿಸಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಗೋಖಲೆಯವರು 1911ರಲ್ಲಿ ತಮ್ಮ ಮಸೂದೆಯನ್ನು ಮಂಡಿಸುವಾಗ ಬರೋಡೆಯ ನಿದರ್ಶನವನ್ನೇ ಮುಂದಿಟ್ಟರು. ಮೈಸೂರಿನಲ್ಲಿಯೂ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಇಂಥದೇ ಕಾನೂನು ಬಂತು. ಆದರೆ ಕಾನೂನು ಮಕ್ಕಳನ್ನು ಕರೆತಂದಷ್ಟು ವೇಗವಾಗಿ ಕೋಣೆಗಳನ್ನು ಕಟ್ಟಲಾರದು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ 2 ಕೋಣೆ, 2 ಶಿಕ್ಷಕರು ಇರಬೇಕೆಂಬ ಕೇಂದ್ರದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಬಂದದ್ದು 1987ರಲ್ಲಿ. ಅಂದರೆ ಸ್ವಾತಂತ್ರ್ಯ ಬಂದು 40 ವರ್ಷಗಳಾದ ಮೇಲೆ!

ಈ ನಡುವಿನ ಕೊರತೆಯನ್ನು ತುಂಬಿದವರು ಊರವರು. ಇದಕ್ಕೆ ನಮ್ಮ ಕಾಲದ ಉಜ್ವಲ ಉದಾಹರಣೆ ಮಂಗಳೂರಿನ ಬಳಿಯ ಹರೇಕಳದ ನ್ಯೂಪಡ್ಪು. ಅಲ್ಲಿನ ಹಾಜಬ್ಬನವರು ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟವೇ ಅವರನ್ನು ಶಾಲೆಯ ಕೆಲಸಕ್ಕೆ ಹಚ್ಚಿತು. ಮೊದಲು ಮಸೀದಿಯ ಆಸರೆಯಲ್ಲಿ ಮದರಸದ ಕೋಣೆಯೇ ತರಗತಿಯಾಯಿತು, ಮಕ್ಕಳು 28. ಮಕ್ಕಳು ಹೆಚ್ಚಿದಂತೆ ಜಾಗ ಸಾಲದಾಯಿತು. ಅವರು ತಮ್ಮ ಪುಡಿಗಾಸಿನ ಉಳಿತಾಯವನ್ನು ಹಾಕಿದರು, ದಾನಿಗಳ ಮನೆಬಾಗಿಲಿಗೆ ಹೋದರು, ಕಚೇರಿಯಿಂದ ಕಚೇರಿಗೆ ಅಲೆದರು. ಜಮೀನು ಬಂತು, ಕಟ್ಟಡ ಎದ್ದಿತು, ಸರಕಾರಿ ಶಾಲೆ ನೆಲೆ ನಿಂತಿತು. ಮುಂದೆ ಪ್ರೌಢಶಾಲೆಯೂ ಸೇರಿತು. ಪ್ರಶಸ್ತಿಯಾಗಿ ಬಂದ ಹಣವನ್ನೂ ಅವರು ಶಾಲೆಗೇ ಕೊಟ್ಟರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಸ್ವೀಕರಿಸಿದರು. ಆ ಗೌರವದ ನಂತರವೂ ಅವರು ಕೇಳಿದ್ದು ತಮ್ಮೂರಿಗೊಂದು ಪದವಿಪೂರ್ವ ಕಾಲೇಜನ್ನು!

ಇಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಹಾಜಬ್ಬನವರು ಕಟ್ಟಿದ್ದು ತಮ್ಮ ಶಾಲೆಯನ್ನಲ್ಲ, ಸರಕಾರಿ ಶಾಲೆಯನ್ನು. ಊರು ಮೊದಲ ಕೋಣೆಯನ್ನು ಕೊಟ್ಟಿತು. ಶಿಕ್ಷಕರನ್ನೂ ಸಂಬಳವನ್ನೂ ಸರಕಾರದಿಂದ ಕೇಳಿ ಪಡೆಯಿತು. ಊರವರು ಕೊಡುತ್ತಾರೆಂದು ಸರಕಾರ ಕೈಕಟ್ಟಿ ಕುಳಿತರೆ ಬಡವರ ಊರಿನ ಮಕ್ಕಳು ಎಂದೆಂದಿಗೂ ಮರದ ಕೆಳಗೇ. ಸರಕಾರ ಮಾಡಲೆಂದು ಊರು ಸುಮ್ಮನಿದ್ದರೆ ಒಂದು ತಲೆಮಾರೇ ಕಾಯುತ್ತ ಕಳೆದುಹೋದೀತು. ಎರಡು ಕೈ ಸೇರಿದರೇ ಚಪ್ಪಾಳೆ.

ಕರ್ನಾಟಕದಲ್ಲಿ 2001ರಲ್ಲಿ ಪಾಲಕರನ್ನೊಳಗೊಂಡ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2010ರ ಏಪ್ರಿಲ್‌ನಿಂದ ಜಾರಿಯಾದ ಶಿಕ್ಷಣ ಹಕ್ಕಿನ ಕಾಯಿದೆ ಪ್ರತಿ ಶಿಕ್ಷಕರಿಗೂ ಒಂದು ಕೋಣೆಯಿರಬೇಕೆಂದು ವಿಧಿಸಿತು. ಹೀಗೆ ಊರವರ ಔದಾರ್ಯವಾಗಿದ್ದುದು ಮಕ್ಕಳ ಹಕ್ಕಾಯಿತು.

ಹೊಟ್ಟೆಪಾಡಿಗಾಗಿ ಗುಜರಾತಿಗೆ ಬಂದ ನಾವು ಊರಿನ ಜಾತ್ರೆಗೆ, ಗುಡಿಯ ಜೀರ್ಣೋದ್ಧಾರಕ್ಕೆ ಚಂದಾ ಕಳಿಸುವುದನ್ನು ಮರೆಯುವುದಿಲ್ಲ. ನಮಗೆ ಅಕ್ಷರ ಕಲಿಸಿದ ಶಾಲೆಯನ್ನೂ ಆ ಪಟ್ಟಿಗೆ ಸೇರಿಸೋಣ. ಆದರೆ ಹಣ ಕಳಿಸುವ ಮೊದಲು ಶಾಲೆಯ ಸಮಿತಿಗೆ ಒಂದು ಕಾಗದ ಬರೆದು, ಬೇಕಾಗಿರುವುದು ಕೋಣೆಯೋ, ಶೌಚಾಲಯವೋ, ಶಿಕ್ಷಕರೋ ಎಂದು ವಿಚಾರಿಸೋಣ. ಜಾಗ ಕೊಡುವವರಿದ್ದರೆ ದಾನಪತ್ರವನ್ನು ಶಾಲೆಯ ಹೆಸರಿಗೇ ನೋಂದಾಯಿಸಲಿ. ಗೋಡೆಯ ಮೇಲೆ ನಮ್ಮ ಹೆಸರಿನ ಕಲ್ಲು ಇಲ್ಲದಿದ್ದರೂ ಚಿಂತೆಯಿಲ್ಲ. ಒಳಗೆ ಮಕ್ಕಳಿದ್ದರೆ ಸಾಕು.