ಶುಶ್ರೂಷಾ ಪ್ರಕ್ರಿಯೆ: ಆಸ್ಪತ್ರೆಗಳಲ್ಲಿ ಬಳಕೆಯ ಇತಿಹಾಸ

ಒಳರೋಗಿಯ ಸ್ಥಿತಿಯನ್ನು ದಾದಿಯೇ ಪರಿಶೀಲಿಸಿ, ತೊಂದರೆ ಗುರುತಿಸಿ, ಆರೈಕೆಯನ್ನು ಯೋಜಿಸಿ, ನಡೆಸಿ, ಫಲವನ್ನು ಪರೀಕ್ಷಿಸುವ ವಿಧಾನ. ವೈದ್ಯರು ಕೇಸ್ ಶೀಟಿನಲ್ಲಿ ‘ನ್ಯುಮೋನಿಯಾ’ ಎಂದು ಬರೆದ ರೋಗಿಗೆ ದಾದಿ ಬರೆಯುವುದು ‘ಕಫ ಗಟ್ಟಿಯಾಗಿ ಕೆಮ್ಮಿ ಹೊರಹಾಕಲಾಗದೆ ಉಸಿರಾಟಕ್ಕೆ ಅಡಚಣೆ’ ಎಂದು. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು, ಎಷ್ಟು ನೀರು ಕುಡಿಸಬೇಕು ಎಂಬುದು ಅದರ ಕೆಳಗೆ ಬರುತ್ತದೆ.

ಇದರ ಹುಟ್ಟನ್ನು ಕೆಲವು ಪಠ್ಯಪುಸ್ತಕಗಳು 1955ರಲ್ಲಿ ಅಮೆರಿಕದ ಲಿಡಿಯಾ ಹಾಲ್ ಅವರಿಗೆ, ಕೆಲವು ಐಡಾ ಜೀನ್ ಒರ್ಲಾಂಡೊ ಅವರ 1961ರ ಪುಸ್ತಕಕ್ಕೆ ಸಲ್ಲಿಸುತ್ತವೆ. ಎರಡೂ ಅರ್ಧ ಸರಿ. ಹಾಲ್ ಶುಶ್ರೂಷೆಯನ್ನು ಪ್ರಕ್ರಿಯೆ ಎಂದು ಕರೆದರು, ಇಂದಿನ ಹಂತಗಳನ್ನು ಹಾಕಿಕೊಡಲಿಲ್ಲ. ಒರ್ಲಾಂಡೊ ಅವರ ಲಕ್ಷ್ಯವಿದ್ದದ್ದು ರೋಗಿಯ ವರ್ತನೆ, ಅದಕ್ಕೆ ದಾದಿಯ ಪ್ರತಿಕ್ರಿಯೆ ಮತ್ತು ಕ್ರಿಯೆಗಳ ಮೇಲೆ. ನಾಲ್ಕು ಹಂತಗಳ ರೂಪ ಸಿಕ್ಕಿದ್ದು 1967ರಲ್ಲಿ, ಹೆಲೆನ್ ಯೂರಾ ಮತ್ತು ಮೇರಿ ವಾಲ್ಶ್ ಅವರಿಂದ. 1973ರಲ್ಲಿ ಅಮೆರಿಕದ ದಾದಿಯರ ಸಂಘದ ಮಾನದಂಡಗಳಲ್ಲಿ ಶುಶ್ರೂಷಾ ನಿದಾನಕ್ಕೂ, ಅಂದರೆ ತೊಂದರೆಯನ್ನು ದಾದಿಯೇ ಗುರುತಿಸಿ ಹೆಸರಿಸುವುದಕ್ಕೂ, ಸ್ಥಾನ ಸಿಕ್ಕಿತು.

ಅಮೆರಿಕದಲ್ಲಿ ವೃತ್ತಿಯ ಒಳಗಿನಿಂದಲೇ ಬೆಳೆದದ್ದು ಬ್ರಿಟನ್ನಿಗೆ ಬಹುಮಟ್ಟಿಗೆ ಮೇಲಿನಿಂದ ಇಳಿಯಿತು: 1977ರಲ್ಲಿ ಪಠ್ಯಕ್ರಮದ ಮೂಲಕ. ಆಕ್ಷೇಪ ವೈದ್ಯರಿಂದಲೂ ಬಂತು. 1984ರಲ್ಲಿ ಜೆ.ಆರ್.ಎ. ಮಿಚೆಲ್ ಅವರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದನ್ನು ಪ್ರಶ್ನಿಸಿದ ಲೇಖನ ದೊಡ್ಡ ವಾದಕ್ಕೆ ದಾರಿಮಾಡಿತು. ವಾರ್ಡಿನಲ್ಲಿ ದಾದಿಯ ತೀರ್ಮಾನಕ್ಕೆ ಎಷ್ಟು ಬೆಲೆ ಎಂಬುದೂ ಬಳಕೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಈ ಪ್ರಸಂಗ ಒಳ್ಳೆಯ ದಾಖಲೆ.

ಬ್ರೆಜಿಲ್ ಹಿಡಿದದ್ದು ಕಾನೂನಿನ ದಾರಿ. ವಾಂಡಾ ಹೋರ್ಟಾ ಅವರ 1979ರ ಪುಸ್ತಕ ಅಲ್ಲಿ ತಳಹದಿ. 1986ರ ಕಾಯ್ದೆ ಆರೈಕೆಯನ್ನು ವಿಧಿಸುವ ಅಧಿಕಾರವನ್ನು ಪದವೀಧರ ದಾದಿಗೆ ಮೀಸಲಿಟ್ಟಿತು. ವೃತ್ತಿ ಪರಿಷತ್ತು 2002ರಲ್ಲಿ ಈ ಪ್ರಕ್ರಿಯೆಯನ್ನು ಕಡ್ಡಾಯ ಮಾಡುವ ನಿರ್ಣಯ ಹೊರಡಿಸಿ, 2009 ಮತ್ತು 2024ರಲ್ಲಿ ಮತ್ತೆ ಹೊಸದಾಗಿ ಹೊರಡಿಸಬೇಕಾಯಿತು. ಅಲ್ಲಿ ಹಾಸಿಗೆಯ ಪಕ್ಕದ ಕೆಲಸದ ಬಹುಪಾಲು ತಂತ್ರಜ್ಞ ಮತ್ತು ಸಹಾಯಕ ದರ್ಜೆಯವರದು. ಯೋಜನೆ ಬರೆಯುವವರು ಒಬ್ಬರು, ನಡೆಸುವವರು ಇನ್ನೊಬ್ಬರು.

ವಾರ್ಡಿನಲ್ಲಿ ಇದರ ಬಳಕೆಗೆ ಅಡ್ಡಿ ಯಾವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಈಚಿನ ಸಮೀಕ್ಷೆಗಳಲ್ಲಿ ದೊಡ್ಡ ಪಾಲು ಇಥಿಯೋಪಿಯಾದ ಆಸ್ಪತ್ರೆಗಳದು. ತಿಳಿವಳಿಕೆ, ತರಬೇತಿ, ರೋಗಿಗಳ ಸಂಖ್ಯೆ, ನಮೂನೆಗಳ ಕೊರತೆ, ಮೇಲ್ವಿಚಾರಣೆ ಎಲ್ಲವೂ ಅವುಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತವೆ. ಆದರೆ ಒಂದೇ ಬಾರಿಗೆ ನಡೆಸಿದ ಪ್ರಶ್ನಾವಳಿ ಕಾರಣವನ್ನು ಸಾಬೀತುಪಡಿಸದು. ‘ಮಾಡುತ್ತೇನೆ’ ಎಂಬ ಉತ್ತರಕ್ಕೂ ಕೇಸ್ ಶೀಟಿನ ಬರಹಕ್ಕೂ ತಾಳೆಯಾಗಲೇಬೇಕೆಂದಿಲ್ಲ. ಬರೆದಿಲ್ಲವೆಂದ ಮಾತ್ರಕ್ಕೆ ಆರೈಕೆ ನಡೆದಿಲ್ಲವೆಂದೂ ಅಲ್ಲ.

ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಇದು ಶುಶ್ರೂಷಾ ವಿದ್ಯಾರ್ಥಿಗಳ ಪಠ್ಯದಲ್ಲಿದೆ. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಅವರು ಕೇರ್ ಪ್ಲಾನ್ ಬರೆದು ಒಪ್ಪಿಸುತ್ತಾರೆ. ವಾರ್ಡಿನ ಡ್ಯೂಟಿಯಲ್ಲಿ ಅದೇ ಕೆಲಸಕ್ಕೆ ಬಿಡುವು ಸಿಗುವುದು ದಾದಿಯರ ಸಂಖ್ಯೆಯನ್ನು ಅವಲಂಬಿಸಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ರಜೆಯವರ ಜಾಗ ತುಂಬಲು ಇದರ ಮೇಲೆ ಶೇ 30ರಷ್ಟು ಮೀಸಲು ಸಿಬ್ಬಂದಿ.